ಶ್ವಾಸಕೋಶ ಕ್ಯಾನ್ಸರ್: ರಕ್ತದಲ್ಲಿ ಇಜಿಎಫ್‌ಆರ್ ‘ಪತ್ತೆಯಾಗಿಲ್ಲ’ ಅಂದರೆ ಇಲ್ಲ ಅಂತಲೇ?

ಪ್ರಶ್ನೆ:
ನಾಲ್ಕನೇ ಹಂತದ ಅಡೆನೊಕಾರ್ಸಿನೋಮ (ಶ್ವಾಸಕೋಶ ಕ್ಯಾನ್ಸರಿನ ಒಂದು ಬಗೆ). ಬಯಾಪ್ಸಿ ತುಣುಕು ಬಹುತೇಕ ಖರ್ಚಾಗಿದೆ, ಇಜಿಎಫ್‌ಆರ್‌ನಂಥ ಜೀನ್‌ಗಳ ಬದಲಾವಣೆಯನ್ನು (ಮ್ಯುಟೇಶನ್) ಒಟ್ಟಿಗೆ ಹುಡುಕುವ ಜೀನ್ ಪ್ಯಾನೆಲ್‌ಗೆ ಸಾಲದು. ರಕ್ತದ ಸಿಟಿಡಿಎನ್‌ಎ (ಗೆಡ್ಡೆಯಿಂದ ರಕ್ತಕ್ಕೆ ಬರುವ ಡಿಎನ್‌ಎ) ವರದಿಯಲ್ಲಿ ಯಾವ ಮ್ಯುಟೇಶನ್ನೂ ಇಲ್ಲ, ಕ್ಯಾನ್ಸರ್‌ಗಳಲ್ಲಿ ಸಾಮಾನ್ಯವಾದ ಟಿಪಿ53 ಜೀನಿನದ್ದು ಕೂಡ. ರಕ್ತ ತೆಗೆದದ್ದು ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನಲ್ಲಿ, ಲ್ಯಾಬ್ ಸೇರಿದ್ದು ಮರುದಿನ. ಆದರೆ 4 ಎಂಎಲ್ ಪ್ಲಾಸ್ಮಾದಿಂದ (ರಕ್ತಕಣ ಬೇರ್ಪಡಿಸಿದ ದ್ರವ) 140 ನ್ಯಾನೊಗ್ರಾಂ ಡಿಎನ್‌ಎ ಸಿಕ್ಕಿದೆ, ಕಡಿಮೆಯೇನಲ್ಲ. ನೆಗೆಟಿವ್ ಎಂದೇ ಹಿಡಿಯಬಹುದೇ?

ಉತ್ತರ 1:
ಆ 140ರ ಮೇಲೇ ನನಗೆ ಅನುಮಾನ. ಇಡಿಟಿಎಯಲ್ಲಿ ಕೆಲವು ಗಂಟೆ ಕಳೆದರೆ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎಯನ್ನು ಪ್ಲಾಸ್ಮಾಕ್ಕೆ ಸುರಿಯುತ್ತವೆ. ಮೊತ್ತ ಏರುತ್ತದೆ, ಗೆಡ್ಡೆಯ ಪಾಲು ಕರಗುತ್ತದೆ. ಲೆಕ್ಕ ಹಾಕಿ: 1 ನ್ಯಾನೊಗ್ರಾಂ ಅಂದರೆ ಸುಮಾರು 300 ಜೀನೋಮ್ ಪ್ರತಿ. ಪರೀಕ್ಷೆಗೆ 30 ನ್ಯಾನೊಗ್ರಾಂ ಹಾಕಿದರೆ 9,000. ಅದರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಅಸಲಿ ಸಿಎಫ್‌ಡಿಎನ್‌ಎ (ರಕ್ತ ತೆಗೆಯುವಾಗಲೇ ಕಣಗಳ ಹೊರಗೆ ತೇಲುತ್ತಿದ್ದ ಡಿಎನ್‌ಎ) ಆಗಿದ್ದರೆ ಉಳಿಯುವುದು 900. ಅದರಲ್ಲಿ ಮ್ಯುಟೇಶನ್ 0.1% ಇದ್ದರೆ ಒಂದು ಪ್ರತಿಯೂ ಸಿಗುವ ಖಾತ್ರಿಯಿಲ್ಲ. ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಟ್ಯೂಬಿನಲ್ಲಿ ಇಲ್ಲದ್ದನ್ನು ಓದಲಾರದು.

ಲ್ಯಾಬಿನಿಂದ ತುಣುಕುಗಳ ಉದ್ದದ ಗ್ರಾಫ್ ಕೇಳಿ. ಅಸಲಿ ಸಿಎಫ್‌ಡಿಎನ್‌ಎ 167 ಬೇಸ್‌ಪೇರ್ (ಡಿಎನ್‌ಎ ಉದ್ದದ ಅಳತೆ) ಆಸುಪಾಸಿನಲ್ಲಿ ಚೂಪಾಗಿ ಏಳುತ್ತದೆ. ಒಡೆದ ಕಣಗಳದ್ದು ಸಾವಿರಗಳ ಕಡೆ ಗುಡ್ಡದಂತೆ ಕಾಣುತ್ತದೆ.

ಉತ್ತರ 2:
ಟ್ಯೂಬು ಸರಿಯಿದ್ದಿದ್ದರೂ ಇದನ್ನು ನೆಗೆಟಿವ್ ಅನ್ನಲು ಬರುವುದಿಲ್ಲ, ‘ಮಾಹಿತಿ ಸಿಗಲಿಲ್ಲ’ ಅನ್ನಬೇಕು. ಗೆಡ್ಡೆಯ ಡಿಎನ್‌ಎ ರಕ್ತಕ್ಕೆ ಬಂದಿತ್ತು ಅನ್ನುವುದಕ್ಕೇ ಇಲ್ಲಿ ಸಾಕ್ಷಿಯಿಲ್ಲ. ಗೆಡ್ಡೆಯ ಗುರುತಾದ ಕೆಆರ್‌ಎಎಸ್ ಜಿ12ಸಿ ಎಂಬ ಮ್ಯುಟೇಶನ್ ಒಳ್ಳೆ ಪ್ರಮಾಣದಲ್ಲಿ ಸಿಕ್ಕಿದ್ದರೆ ಮಾತು ಬೇರೆ. (ಟಿಪಿ53 ಒಂದೇ ಸಿಕ್ಕಿದ್ದರೂ ಸಾಕ್ಷಿ ಆಗುತ್ತಿರಲಿಲ್ಲ, ವಯಸ್ಸಾದವರ ರಕ್ತಕಣಗಳಲ್ಲೇ ಅದು ಹುಟ್ಟಿರಬಹುದು.) ರೋಗ ಮಿದುಳಿನಲ್ಲಷ್ಟೇ ಅಥವಾ ಎದೆಯೊಳಗಷ್ಟೇ ಇದ್ದರೆ ರಕ್ತಕ್ಕೆ ಬರುವುದು ಕಡಿಮೆ. ಎಎಲ್‌ಕೆಯಂಥ ಫ್ಯೂಷನ್‌ಗಳು (ಎರಡು ಜೀನ್ ಬೆಸೆದುಕೊಂಡಿರುವುದು) ರಕ್ತದಲ್ಲಿ ಇನ್ನೂ ಸುಲಭವಾಗಿ ತಪ್ಪಿಹೋಗುತ್ತವೆ. ಬಯಾಪ್ಸಿ ತುಣುಕಿನ ಮೇಣದ ಬ್ಲಾಕ್‌ನಲ್ಲಿ ಒಂದು ಸ್ಲೈಡಿನಷ್ಟು ಉಳಿದಿದ್ದರೂ ಎಎಲ್‌ಕೆ ಐಎಚ್‌ಸಿ (ಪ್ರೋಟೀನಿಗೆ ಬಣ್ಣ ಹಚ್ಚಿ ನೋಡುವ ಪರೀಕ್ಷೆ) ಮಾಡಿಸಿ. ಎದೆಯಲ್ಲಿ ನೀರು ತುಂಬಿದ್ದರೆ ಅದರ ಸೆಲ್ ಬ್ಲಾಕ್ (ನೀರಿನಲ್ಲಿನ ಜೀವಕೋಶಗಳನ್ನು ಒಟ್ಟುಗೂಡಿಸಿದ ತುಣುಕು) ಕೂಡ ಪರೀಕ್ಷೆಗೆ ನಡೆಯುತ್ತದೆ.

ಕಾಯುವಷ್ಟು ಸಮಯವಿಲ್ಲದಿದ್ದರೆ ಮೊದಲ ಸೈಕಲ್ ಬರೀ ಕೀಮೋ ಕೊಟ್ಟು ಇಮ್ಯುನೋಥೆರಪಿ ತಡೆಹಿಡಿಯುವುದು ವಾಸಿ. ಇಮ್ಯುನೋಥೆರಪಿ ಕೊಟ್ಟ ಬೆನ್ನಿಗೇ ಇಜಿಎಫ್‌ಆರ್ ಮ್ಯುಟೇಶನ್ ಸಿಕ್ಕಿ, ಅದರ ಔಷಧ ಒಸಿಮರ್ಟಿನಿಬ್ ಶುರುಮಾಡಬೇಕಾಗಿ ಬಂದರೆ ತೀವ್ರ ನ್ಯುಮೊನೈಟಿಸ್ (ಶ್ವಾಸಕೋಶದ ಉರಿಯೂತ) ಅಪಾಯ ಹೆಚ್ಚು. ರಕ್ತ ಮತ್ತೆ ತೆಗೆಯುವುದಾದರೆ ಕೀಮೋಗೆ ಮುಂಚೆಯೇ; ಔಷಧ ಕೆಲಸ ಶುರುಮಾಡಿದರೆ ಸಿಟಿಡಿಎನ್‌ಎ ಕುಸಿಯುತ್ತದೆ.

ಉತ್ತರ 3:
ಮರುಸ್ಯಾಂಪಲ್‌ಗೆ ಸ್ಟ್ರೆಕ್ ಟ್ಯೂಬ್ (ರಕ್ತಕಣ ಒಡೆಯದಂತೆ ಕಾಯುವ ಟ್ಯೂಬ್) ಎರಡು, ತಲಾ 10 ಎಂಎಲ್, ಪೂರ್ತಿ ತುಂಬಿಸಿ. ತಕ್ಷಣ 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. ಫ್ರಿಜ್‌ನಲ್ಲಿ ಇಡಬೇಡಿ, ರೂಮ್ ಟೆಂಪರೇಚರ್ ಸಾಕು. ಇಡಿಟಿಎಯೇ ಗತಿಯಾದರೆ 4 ಗಂಟೆಯೊಳಗೆ ಪ್ಲಾಸ್ಮಾ ಬೇರೆಯಾಗಬೇಕು: ಸೆಂಟ್ರಿಫ್ಯೂಜ್ ಯಂತ್ರದಲ್ಲಿ 1,600 ಜಿ (ಗುರುತ್ವದ 1,600 ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಿ, ಬಿಳಿ ರಕ್ತಕಣಗಳ ಪದರದ ಮೇಲೆ ಅರ್ಧ ಸೆಂಟಿಮೀಟರ್ ಪ್ಲಾಸ್ಮಾ ಬಿಟ್ಟು ಮೇಲಿನದನ್ನಷ್ಟೇ ಎಳೆದು, ಮತ್ತೆ 16,000 ಜಿಯಲ್ಲಿ 10 ನಿಮಿಷ. ಪಿಪೆಟ್ ತುದಿ ಆ ಪದರಕ್ಕೆ ತಾಗಿದರೆ ಮಾಡಿದ್ದೆಲ್ಲ ದಂಡ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬೇಡ, ಹೆಪಾರಿನ್ ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಹಂತ) ತಡೆಯುತ್ತದೆ. ರಕ್ತ ಹೆಪ್ಪುಗಟ್ಟಿದ ಮೇಲೆ ಸಿಗುವ ಸೀರಮ್ಮೂ ಬೇಡ.

ಪ್ರಶ್ನೆ ಕೇಳಿದವರು:
ಗ್ರಾಫ್ ಬಂತು. 167ರಲ್ಲಿ ಸಣ್ಣ ಮೊನೆ, ಬಲಗಡೆ ದೊಡ್ಡ ಗುಡ್ಡ. ಸ್ಟ್ರೆಕ್ ಟ್ಯೂಬಿಗೆ ಹೇಳಿದ್ದೇವೆ, ಜೊತೆಗೆ ಎದೆಯ ನೀರೂ ಹೋಗಲಿದೆ.