ದೊಡ್ಡ ಫೋನ್ ಕೊಳ್ಳೋರು ಕೇಳಿ: ಬೆಲೆ ನೋಡಬೇಕಾ, ಬ್ಯಾಟರಿ ನೋಡಬೇಕಾ?

ಗುಂಪಿನ ಅಡ್ಮಿನ್: ಎಲ್ಲರಿಗೂ ನಮಸ್ಕಾರ. ದೊಡ್ಡ ಸ್ಕ್ರೀನಿನ ಹೊಸ ಫೋನ್ ಬಗ್ಗೆ ಬಹಳ ಜನ ಕೇಳ್ತಿದ್ದೀರಿ. ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಅಣ್ಣ ಇವತ್ತು ಉತ್ತರ ಕೊಡ್ತಾರೆ. ಅವರು ಫೋನ್ ಮಾರಲ್ಲ, ರಿಪೇರಿ ಮಾತ್ರ. ಕೇಳುವ ಮುಂಚೆ ಮೇಲಿನ ಉತ್ತರ ಓದಿ.

ಸೇಡಂನ ಶಿಕ್ಷಕಿ: ಅಣ್ಣಾ, 6.7 ಇಂಚಿನ ಎರಡು ಫೋನ್ ನೋಡಿಟ್ಟಿದ್ದೇನೆ. ಒಂದಕ್ಕೆ 14,000 ರೂಪಾಯಿ, ಬ್ಯಾಟರಿ 6000 ಎಂಎಎಚ್. ಇನ್ನೊಂದಕ್ಕೆ 21,000, ಬ್ಯಾಟರಿ 5000. ಕಡಿಮೆ ದುಡ್ಡಿಗೆ ಜಾಸ್ತಿ ಬ್ಯಾಟರಿ ಸಿಗುವಾಗ ಎರಡನೆಯದು ಯಾಕೆ ಬೇಕು?

ರಿಪೇರಿ ಅಂಗಡಿಯವರು: ಅಕ್ಕಾ, ಡಬ್ಬಿ ಮೇಲಿನ ಆ ಸಂಖ್ಯೆ ಒಳಗೆ ಎಷ್ಟು ತುಂಬುತ್ತೆ ಅನ್ನೋದನ್ನ ಮಾತ್ರ ಹೇಳುತ್ತೆ. ಫೋನ್ ಅದನ್ನ ಎಷ್ಟು ಬೇಗ ಖಾಲಿ ಮಾಡುತ್ತೆ ಅಂತ ಹೇಳಲ್ಲ. ಅದಕ್ಕೆ ಮೊದಲು ಚಿಪ್ ನೋಡಿ, ಅಂದ್ರೆ ಫೋನಿನ ಮಿದುಳು. ಹೀಲಿಯೋ ಜಿ85 ತರಹದ ಹಳೇ ಚಿಪ್ 12 ನ್ಯಾನೋಮೀಟರಿನದು, ಚಿಪ್ ಒಳಗಿನ ಭಾಗಗಳು ಎಷ್ಟು ಸಣ್ಣವು ಅಂತ ಹೇಳುವ ಅಳತೆ ಅದು. ಸ್ನಾಪ್‌ಡ್ರಾಗನ್ 695 ಆರರದು. ಡೈಮೆನ್ಸಿಟಿ 7300 ನಾಲ್ಕರದು. ಸಾಮಾನ್ಯವಾಗಿ ಈ ಸಂಖ್ಯೆ ಇಳಿದಷ್ಟು ಅದೇ ಕೆಲಸಕ್ಕೆ ಕರೆಂಟ್ ಕಡಿಮೆ ಸಾಕು, ಬಿಸಿಯೂ ಕಡಿಮೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು. ಬ್ಯಾಟರಿ ಹಾಳಾಗೋದಕ್ಕೆ ಬಿಸಿಗಿಂತ ದೊಡ್ಡ ಕಾರಣ ನಾನು ಕಂಡಿಲ್ಲ.

ಆಮೇಲೆ ಸ್ಕ್ರೀನ್. ಎಲ್‌ಸಿಡಿ ಆದರೆ ಕಪ್ಪು ಚಿತ್ರ ತೋರಿಸುವಾಗಲೂ ಹಿಂದಿನ ದೀಪ ಉರೀತಾನೇ ಇರುತ್ತೆ. ಅಮೋಲೆಡ್‌ನಲ್ಲಿ ಕಪ್ಪು ಇದ್ದ ಕಡೆ ಬೆಳಕೇ ಇರಲ್ಲ. 6.7 ಇಂಚು ಅಂದ್ರೆ ಈ ವ್ಯತ್ಯಾಸ ಸಣ್ಣದಲ್ಲ. 120 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ಸ್ಕ್ರೀನ್, ಇದ್ದರೆ ಸೆಟ್ಟಿಂಗ್ಸಿಗೆ ಹೋಗಿ 60ಕ್ಕೆ ಇಡಿ. ಓದೋದಕ್ಕೆ, ವಾಟ್ಸಾಪ್‌ಗೆ ಅಷ್ಟು ಸಾಕು.

ಬೆಲೆಯನ್ನ ವರ್ಷಕ್ಕೆ ಭಾಗಿಸಿ ನೋಡಿ. 14,000ದ ಫೋನ್‌ಗೆ ಅಪ್‌ಡೇಟ್ ನಿಂತು, ನಿಧಾನ ಆಗಿ ಎರಡು ವರ್ಷಕ್ಕೆ ಬದಲಿಸಿದರೆ ವರ್ಷಕ್ಕೆ 7,000. 21,000ದ್ದು ನಾಲ್ಕು ವರ್ಷ ಓಡಿಸಿ, ನಡುವೆ ಒಂದು ಬ್ಯಾಟರಿಗೆ 2,000 ಹಾಕಿದರೂ ವರ್ಷಕ್ಕೆ 5,750. ನಾಲ್ಕು ವರ್ಷ ಇಟ್ಟುಕೊಳ್ಳುವ ಮನಸ್ಸಿಲ್ಲ ಅಂದ್ರೆ 14,000ದ್ದೇ ತಗೊಳ್ಳಿ, ತಪ್ಪೇನಿಲ್ಲ. ಆದರೆ ಎಷ್ಟು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಕೊಡ್ತಾರೆ ಅಂತ ಕೇಳದೆ ಯಾವುದನ್ನೂ ತಗೋಬೇಡಿ. ನಿಮ್ಮ ಬ್ಯಾಂಕಿನ ಆ್ಯಪ್ ಅದರಲ್ಲೇ ಇರುತ್ತೆ.

ಚಿತ್ತಾಪುರದ ವಿದ್ಯಾರ್ಥಿ: ಅಣ್ಣ, ಈಗ 7000 ಎಂಎಎಚ್ ಫೋನ್ ಬಂದಿವೆ. ದಪ್ಪ ಮಾತ್ರ ಹಳೇ ಫೋನಿನಷ್ಟೇ. ಸುಳ್ಳು ಸಂಖ್ಯೆನಾ?

ರಿಪೇರಿ ಅಂಗಡಿಯವರು: ಸುಳ್ಳಲ್ಲ ತಮ್ಮಾ. ಒಳ್ಳೇ ಪ್ರಶ್ನೆ. ಹಳೇ ಬ್ಯಾಟರಿಯಲ್ಲಿ ಆನೋಡ್, ಅಂದ್ರೆ ಚಾರ್ಜ್ ಆಗುವಾಗ ಲಿಥಿಯಂ ಹಿಡಿದಿಡುವ ಪದರ, ಬರೀ ಗ್ರಾಫೈಟ್. ಹೊಸದರಲ್ಲಿ ಸಿಲಿಕಾನ್ ಬೆರೆಸ್ತಾರೆ, ಸಿಲಿಕಾನ್-ಕಾರ್ಬನ್ ಅಂತಾರಲ್ಲ, ಅದು. ಅಷ್ಟೇ ಜಾಗದಲ್ಲಿ ಜಾಸ್ತಿ ಲಿಥಿಯಂ ಹಿಡಿಯುತ್ತೆ. ತೊಂದರೆ ಏನಂದ್ರೆ ಚಾರ್ಜ್ ಆಗುವಾಗ ಸಿಲಿಕಾನ್ ಬಹಳ ಹಿಗ್ಗುತ್ತೆ, ಖಾಲಿ ಆಗುವಾಗ ಕುಗ್ಗುತ್ತೆ. ಅದನ್ನ ತಡೆಯೋಕೇ ಕಾರ್ಬನ್. ಅದಕ್ಕೆ ಎಷ್ಟು ಚಾರ್ಜ್ ಸೈಕಲ್ (ಪೂರ್ತಿ ಒಂದು ಸಲ ತುಂಬಿ ಖಾಲಿ ಆಗುವ ಸುತ್ತು) ಆದ ಮೇಲೆ ಮೊದಲಿನ ಸಾಮರ್ಥ್ಯದ ಶೇ. 80 ಉಳಿಯುತ್ತೆ ಅಂತ ಕಂಪನಿ ಬರೆದಿದೆಯಾ ನೋಡು. ಯುರೋಪಿನಲ್ಲಿ 2025ರ ಜೂನ್‌ನಿಂದ ಮಾರುವ ಹೊಸ ಮಾಡೆಲ್‌ಗಳಿಗೆ ಕನಿಷ್ಠ 800 ಸೈಕಲ್ ಅಂತ ನಿಯಮ ಇದೆ. ಅಲ್ಲೂ ಮಾರುವ ಮಾಡೆಲ್ ಆದರೆ ಲೇಬಲ್‌ನಲ್ಲಿ ಸೈಕಲ್ ಸಂಖ್ಯೆ ಸಿಗುತ್ತೆ, ಹುಡುಕು.

ಆಳಂದದ ಸದಸ್ಯ: ಸರ್, 5000 ಸಾಕಾ, 6000 ಬೇಕಾ?

ರಿಪೇರಿ ಅಂಗಡಿಯವರು: ಸೇಡಂನ ಅಕ್ಕನಿಗೆ ಬರೆದಿದ್ದೇನೆ, ನೋಡಿ.

ಬೀದರ್‌ನ ಸದಸ್ಯ: 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳಿಸಿದ್ರಲ್ಲ. ಅಂಗಡಿಯವರು ಫೋನ್‌ಗೆ ಇಳಿಸಲ್ಲ ಅಂತಾರೆ.

ರಿಪೇರಿ ಅಂಗಡಿಯವರು: ಅವರು ಹೇಳಿದ್ದು ನಿಜ. ಇಳಿದದ್ದು ಎಸಿ, ದೊಡ್ಡ ಟಿವಿ ಅಂಥವಕ್ಕೆ, 28ರಿಂದ 18ಕ್ಕೆ. ಮೊಬೈಲಿಗೆ 2020ರ ಏಪ್ರಿಲ್‌ನಿಂದ 18 ಇತ್ತು. ಆಗ ಬದಲಾಗಲಿಲ್ಲ.

ಅಫಜಲಪುರದ ಸದಸ್ಯ: ಮಡಚುವ ಫೋನ್ ಹೇಗೆ? ಬ್ಯಾಟರಿ ಬಾಳಿಕೆ ಬರುತ್ತಾ?

ಜೇವರ್ಗಿಯ ಸದಸ್ಯ: ಹೊಸ ಫೋನ್ ಯಾಕೆ? ನನಗೆ ಬಂದ ಮೆಸೇಜ್ ಕೆಳಗಿದೆ. "ಬ್ಯಾಟರಿ ಬೇಗ ಇಳಿದರೆ ಫೋನನ್ನು 20 ನಿಮಿಷ ಫ್ರಿಜ್‌ನಲ್ಲಿಡಿ. ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ. *3370# ಒತ್ತಿದರೆ ಕಂಪನಿ ಬಚ್ಚಿಟ್ಟ ರಿಸರ್ವ್ ಬ್ಯಾಟರಿ ಸಿಗುತ್ತದೆ." ಎಲ್ಲರಿಗೂ ಕಳಿಸಿ.

ರಿಪೇರಿ ಅಂಗಡಿಯವರು: ಯಾರಿಗೂ ಕಳಿಸಬೇಡಿ. ಆ *3370# ಹಳೇ ನೋಕಿಯಾ ಕಾಲದ ಗಾಳಿಸುದ್ದಿ. ಅದು ಮಾತಿನ ಧ್ವನಿಯ ಸೆಟ್ಟಿಂಗ್ ಬದಲಿಸುವ ಕೋಡ್ ಆಗಿತ್ತು. ರಿಸರ್ವ್ ಬ್ಯಾಟರಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಪೂರ್ತಿ ಖಾಲಿ ಮಾಡೋದು ಹಳೇ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗೆ ಹೇಳುತ್ತಿದ್ದ ಮಾತು. ಲಿಥಿಯಂ ಬ್ಯಾಟರಿಗೆ ಅದರಿಂದ ನಷ್ಟವೇ. ಚಾರ್ಜ್ ಶೇ. 20ರಿಂದ 80ರ ನಡುವೆ ಇರಲಿ.

ಫ್ರಿಜ್ ಅಂತೂ ಬೇಡವೇ ಬೇಡ. ಹೊರಗೆ ತೆಗೆದ ತಕ್ಷಣ ಒಳಗೆಲ್ಲ ನೀರಿನ ಹನಿ ಕೂರುತ್ತೆ. ಅಂಥ ಫೋನ್ ಬಿಚ್ಚಿದ್ದೇನೆ. ಚಾರ್ಜಿಂಗ್ ಪೋರ್ಟಿನ ಪಿನ್ನುಗಳ ಮೇಲೆ ಹಸಿರು ಕಿಲುಬು. ಬಿಸಿ ಆಗಿದ್ದರೆ ಕವರ್ ತೆಗೆದು ನೆರಳಲ್ಲಿ ಇಡಿ, ಚಾರ್ಜರ್ ಕೀಳಿ. ಅಷ್ಟೇ.

ಜೇವರ್ಗಿಯ ಸದಸ್ಯ: ನಮ್ಮ ಮನೆಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಸರಿ ಹೋಗಿದೆ ಸರ್.

ರಿಪೇರಿ ಅಂಗಡಿಯವರು: ತಣ್ಣಗಾಗಿದೆ. ಸರಿ ಹೋಗಿಲ್ಲ.

ಯಾದಗಿರಿಯ ಸದಸ್ಯೆ: ಅಣ್ಣಾ, ಅಪ್ಪನಿಗೆ ಹೊಸ ದೊಡ್ಡ ಫೋನ್ ತಗೋಬೇಕು, ಅಕ್ಷರ ಸರಿಯಾಗಿ ಕಾಣಲ್ಲ ಅಂತಾರೆ. ಹಳೇದು ನಾಲ್ಕು ವರ್ಷದ್ದು. ಅದರ ಹಿಂದಿನ ಮುಚ್ಚಳ ಒಂದು ಬದಿಗೆ ಸ್ವಲ್ಪ ಎದ್ದಿದೆ, ಸ್ಕ್ರೀನ್ ಅಂಚಿನಲ್ಲಿ ಬೆಳಕು ಕಾಣುತ್ತೆ. ಫೋನ್ ಚೆನ್ನಾಗೇ ನಡೀತಿದೆ. ಹೊಸದು ಬಂದ ಮೇಲೆ ಹಳೇದನ್ನ ಮಗನಿಗೆ ವಿಡಿಯೋ ನೋಡೋಕೆ ಕೊಡೋಣ ಅಂತಿದ್ದೇವೆ. ಸರಿನಾ?

ರಿಪೇರಿ ಅಂಗಡಿಯವರು: ಇಲ್ಲ ತಂಗಿ. ಮಗುವಿನ ಕೈಗೆ ಕೊಡಬೇಡಿ. ಅಪ್ಪನೂ ಬಳಸೋದು ಬೇಡ. ಹೊಸದರ ಮಾತು ಆಮೇಲೆ, ಮೊದಲು ಇದನ್ನ ಓದಿ.

ನಿಮ್ಮ ಫೋನಿನ ಬ್ಯಾಟರಿ ಊದಿದೆ. ಮುಚ್ಚಳ ಎದ್ದಿರೋದು ಗೋಂದು ಬಿಟ್ಟು ಅಲ್ಲ, ಒಳಗಿನಿಂದ ಒತ್ತಡ ಬಂದು. ಬ್ಯಾಟರಿಯೊಳಗಿನ ದ್ರವ ಬಿಸಿಗೆ, ವಯಸ್ಸಿಗೆ ಒಡೆದು ಗ್ಯಾಸ್ ಆಗುತ್ತೆ. ಬ್ಯಾಟರಿ ಬರೀ ತೆಳು ಅಲ್ಯೂಮಿನಿಯಂ ಹಾಳೆಯ ಚೀಲ, ಗ್ಯಾಸ್ ಹೊರಗೆ ಹೋಗೋಕೆ ದಾರಿ ಇಲ್ಲ. ಅದಕ್ಕೆ ಉಬ್ಬುತ್ತೆ. ಒಳಗೆ ಪ್ಲಸ್, ಮೈನಸ್ ಎರಡೂ ಪದರಗಳ ನಡುವೆ ಇರೋದು ಒಂದು ತೆಳುವಾದ ಪ್ಲಾಸ್ಟಿಕ್ ಪರದೆ. ಉಬ್ಬಿದ ಬ್ಯಾಟರಿಯನ್ನ ಒತ್ತಿದರೆ, ಬೀಳಿಸಿದರೆ, ಚುಚ್ಚಿದರೆ ಆ ಪರದೆ ಹರಿದು ಎರಡೂ ತಾಕುತ್ತವೆ. ಆಗ ಬೆಂಕಿ. ಅದು ಹತ್ತೋಕೆ ನಿಮಿಷ ಬೇಕಿಲ್ಲ. ಮಕ್ಕಳು ಫೋನ್ ಮೇಲೆ ಕೂರ್ತಾರೆ, ಎಸೀತಾರೆ.

ಈಗ ಮಾಡಬೇಕಾದ್ದು ಇಷ್ಟು. ಚಾರ್ಜ್‌ಗೆ ಹಾಕಬೇಡಿ. ಸ್ವಿಚ್ ಆಫ್ ಮಾಡಿ. ಮುಚ್ಚಳವನ್ನ ಒತ್ತಿ ಕೂರಿಸೋಕೆ ಹೋಗಬೇಡಿ. ಫೆವಿಕ್ವಿಕ್ ಹಾಕಿ, ಮೇಲೆ ಭಾರ ಹೇರಿ ತಂದವರನ್ನ ನೋಡಿದ್ದೇನೆ. ಹಾಸಿಗೆ, ಹತ್ತಿ, ಕಾಗದ, ಗ್ಯಾಸ್ ಸಿಲಿಂಡರ್ ಯಾವುದೂ ಹತ್ತಿರ ಇರದ ಕಡೆ, ಶಹಾಬಾದಿ ಕಲ್ಲಿನ ನೆಲದ ಮೇಲೆ ಇಡಿ. ಬಿಸಿಲು ಬೀಳಬಾರದು. ಸುಯ್ ಅಂತ ಸದ್ದು ಬಂದರೆ, ಸಿಹಿ ಸಿಹಿ ವಾಸನೆ ಅಥವಾ ಹೊಗೆ ಬಂದರೆ ಕೈ ಹಾಕಬೇಡಿ, ಎಲ್ಲರೂ ಹೊರಗೆ ಬನ್ನಿ. ಆ ಹೊಗೆ ಕುಡಿಯಬಾರದು.

ಒಂದು ಮಾತು ಹೇಳಿ. ಅಪ್ಪ ರಾತ್ರಿ ಎಲ್ಲಿ ಚಾರ್ಜ್‌ಗೆ ಹಾಕ್ತಾರೆ?

ಯಾದಗಿರಿಯ ಸದಸ್ಯೆ: ದಿಂಬಿನ ಪಕ್ಕ. ಬೆಳಗಿನ ತನಕ ಹಚ್ಚಿರುತ್ತಾರೆ.

ರಿಪೇರಿ ಅಂಗಡಿಯವರು: ಇವತ್ತಿಂದ ಬೇಡ. ಹೊಸ ಫೋನ್ ಬಂದ ಮೇಲೂ ಬೇಡ. ನೂರಕ್ಕೆ ಬಂದಾಗ ಫೋನ್ ತಾನೇ ಚಾರ್ಜ್ ನಿಲ್ಲಿಸುತ್ತೆ, ರಾತ್ರಿ ಹಾಕಿದರೆ ಸಿಡಿಯುತ್ತೆ ಅನ್ನೋದು ಪೂರ್ತಿ ನಿಜವಲ್ಲ. ಆದರೆ ದಿಂಬು, ಕೌದಿ ಬಿಸಿಯನ್ನ ಹೊರಗೆ ಬಿಡಲ್ಲ. ನಮ್ಮ ಬೇಸಿಗೆಯಲ್ಲಿ ಕೋಣೆಯೇ ಕಾದಿರುತ್ತೆ. ಹಾಗೆ ನೂರರಲ್ಲೇ ಬಿಸಿಯಾಗಿ ಕೂತ ಬ್ಯಾಟರಿಯೇ ಊದೋದು. ಹೊಸದರಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಹಾಕಿಕೊಡಿ. ಅಪ್ಪನಿಗೆ ಓದೋಕೆ ತಾನೆ? 6.7 ಇಂಚು, ಅಮೋಲೆಡ್, 5000 ಎಂಎಎಚ್ ಸಾಕು. ಕೈಗೆ ಕೊಟ್ಟು ತೂಕ ನೋಡಿಸಿ. 220 ಗ್ರಾಂ ದಾಟಿದರೆ ವಯಸ್ಸಾದವರು ಮಲಗಿ ಓದೋದು ಕಷ್ಟ.

ಶಹಾಪುರದ ಸದಸ್ಯ: ಇಷ್ಟೆಲ್ಲ ಯಾಕೆ? ಆನ್‌ಲೈನ್‌ನಲ್ಲಿ ತಗೊಳ್ಳಿ ಅಕ್ಕ, ಎರಡು ಸಾವಿರ ಉಳಿಯುತ್ತೆ. ಅಂಗಡಿಯವರು ಸುಮ್ನೆ ಲೂಟಿ ಮಾಡ್ತಾರೆ.

ಸ್ಟೇಷನ್ ಬಜಾರ್‌ನ ಮೊಬೈಲ್ ಅಂಗಡಿಯವರು: ಲೂಟಿ ಅನ್ನೋ ಮಾತು ವಾಪಸ್ ತಗೊಳ್ಳಿ ಭಾಯ್. ಬಾಡಿಗೆ, ಹುಡುಗರ ಸಂಬಳ ಯಾರು ಕೊಡ್ತಾರೆ? ಫೋನ್ ಕೆಟ್ಟರೆ ನಮ್ಮ ಹತ್ತಿರಾನೇ ಬರ್ತೀರಿ.

ಶಹಾಪುರದ ಸದಸ್ಯ: ಬಂದ್ರೆ ಏನ್ ಮಾಡ್ತೀರಿ? ಸರ್ವಿಸ್ ಸೆಂಟರ್‌ಗೆ ಹೋಗಿ ಅಂತೀರಿ. ಅದಕ್ಕೆ ಎರಡು ಸಾವಿರ ಜಾಸ್ತಿ ಕೊಡಬೇಕಾ?

ಹುಮನಾಬಾದಿನ ಸದಸ್ಯ: ಇಬ್ಬರೂ ಬಿಡಿ. ಸೆಕೆಂಡ್ ಹ್ಯಾಂಡ್ ತಗೊಳ್ಳಿ. 40,000ದ ಫೋನ್ 15,000ಕ್ಕೆ ಸಿಗುತ್ತೆ.

ಸ್ಟೇಷನ್ ಬಜಾರ್‌ನ ಮೊಬೈಲ್ ಅಂಗಡಿಯವರು: ಕದ್ದ ಮಾಲಿಗೆ ವಾರಂಟಿ ಸಿಗುತ್ತಾ?

ಹುಮನಾಬಾದಿನ ಸದಸ್ಯ: ಸೆಕೆಂಡ್ ಹ್ಯಾಂಡ್ ಅಂದ್ರೆಲ್ಲ ಕದ್ದದ್ದಾ? ನೆಟ್ಟಗೆ ಮಾತಾಡಿ.

ಸೇಡಂನ ಶಿಕ್ಷಕಿ: ಯಾದಗಿರಿಯ ಅಕ್ಕ ಮಗುವಿನ ವಿಷಯ ಕೇಳ್ತಿದ್ದಾರೆ. ನೀವೆಲ್ಲ ಬೇರೆ ಕಡೆ ಜಗಳ ಮಾಡ್ಕೊಳ್ಳಿ.

ಶಹಾಪುರದ ಸದಸ್ಯ: ಇದು ಎಲ್ಲರ ಗುಂಪು ಮೇಡಂ.

ರಿಪೇರಿ ಅಂಗಡಿಯವರು: ಎಲ್ಲಾದರೂ ತಗೊಳ್ಳಿ, ಜಿಎಸ್‌ಟಿ ಬಿಲ್ ಇರಲಿ, ಬಿಲ್ ಮೇಲೆ ಐಎಂಇಐ, ಅಂದ್ರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ಇರಲಿ. ಸೆಕೆಂಡ್ ಹ್ಯಾಂಡ್ ಆದರೆ *#06# ಒತ್ತಿ ಐಎಂಇಐ ತೆಗೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಬ್ಲ್ಯಾಕ್‌ಲಿಸ್ಟ್, ಡೂಪ್ಲಿಕೇಟ್, ಈಗಾಗಲೇ ಬಳಕೆಯಲ್ಲಿದೆ ಅಂತ ಉತ್ತರ ಬಂದರೆ ಮುಟ್ಟಬೇಡಿ. ದುಡ್ಡು ಕೊಡುವ ಮುಂಚೆ ಮಾಡಿ, ಕೊಟ್ಟ ಮೇಲಲ್ಲ. ಹಳೇ ಫೋನಿನ ಬೆಲೆಗೆ ಹೊಸ ಬ್ಯಾಟರಿಯ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಸುರಪುರದ ಸದಸ್ಯ: 300 ರೂಪಾಯಿಗೆ ಬ್ಯಾಟರಿ ಸಿಗುತ್ತಲ್ಲ, ನೀವು ಯಾಕೆ ಸಾವಿರದ ಮೇಲೆ ಹೇಳ್ತೀರಿ?

ರಿಪೇರಿ ಅಂಗಡಿಯವರು: 300ರದ್ದು ನಾನು ಹಾಕಲ್ಲ. ಬ್ಯಾಟರಿ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಬ್ಯಾಟರಿ ಸುರಕ್ಷತೆಯ ಮಾನದಂಡ ಐಎಸ್ 16046, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಸಂಖ್ಯೆ ಇಲ್ಲದ ಬ್ಯಾಟರಿ ಹಾಕಿ ಅಂತ ನನ್ನ ಅಂಗಡಿಗೆ ಬರಬೇಡಿ.

ಕಮಲಾಪುರದ ಸದಸ್ಯ: ಸರ್, 6000 ಒಳ್ಳೇದಾ, 5000 ಒಳ್ಳೇದಾ?

ರಿಪೇರಿ ಅಂಗಡಿಯವರು: ಮೇಲೆ ಓದಿ.

ಕಮಲಾಪುರದ ಸದಸ್ಯ: ಒಂದು ಮಾತಲ್ಲಿ ಹೇಳೋಕೆ ಏನ್ ಕಷ್ಟ?

ಚಿತ್ತಾಪುರದ ವಿದ್ಯಾರ್ಥಿ: ಓದೋಕೆ ನಿಮಗೇನು ಕಷ್ಟ? ಅವರು ಪುಕ್ಕಟೆ ಹೇಳ್ತಿದ್ದಾರೆ.

ಹುಮನಾಬಾದಿನ ಸದಸ್ಯ: ನಮ್ಮ ಹೊಲದ ಮನೆಯಲ್ಲಿ 5ಜಿ ಹಾಕಿದರೆ ಮಧ್ಯಾಹ್ನಕ್ಕೇ ಬ್ಯಾಟರಿ ಖಾಲಿ. ಯಾಕೆ?

ರಿಪೇರಿ ಅಂಗಡಿಯವರು: ಸಿಗ್ನಲ್ ದುರ್ಬಲ. ಟವರ್ ಹುಡುಕೋದರಲ್ಲೇ ಬ್ಯಾಟರಿ ಹೋಗುತ್ತೆ. ಹೊಲದಲ್ಲಿ 4ಜಿಗೆ ಇಡಿ.

ಜೇವರ್ಗಿಯ ಸದಸ್ಯ: ಹೊಸ ಮೆಸೇಜ್ ಬಂದಿದೆ, ನೋಡಿ. "ಊದಿದ ಬ್ಯಾಟರಿಗೆ ಸೂಜಿಯಿಂದ ಸಣ್ಣ ತೂತು ಮಾಡಿ ಗ್ಯಾಸ್ ಬಿಟ್ಟರೆ ಮೊದಲಿನಂತೆ ಆಗುತ್ತದೆ." ಯಾದಗಿರಿಯವರಿಗೆ ಉಪಯೋಗ ಆಗಬಹುದು.

ರಿಪೇರಿ ಅಂಗಡಿಯವರು: ಅಡ್ಮಿನ್, ಇದನ್ನ ಈಗಲೇ ಅಳಿಸಿ. ಯಾರೂ ಸೂಜಿ ಹಾಕಬೇಡಿ. ಚುಚ್ಚಿದರೆ ಬೆಂಕಿ ಅಂತ ಮೇಲೆ ಬರೆದ ಮೇಲೂ ಇದನ್ನ ಹಾಕ್ತೀರಲ್ಲ. ಓದದೆ ಫಾರ್ವರ್ಡ್ ಮಾಡೋದಾದರೆ ನನ್ನನ್ನ ಯಾಕೆ ಕೇಳ್ತೀರಿ? ಯಾರದ್ದಾದರೂ ಕೈ ಸುಟ್ಟರೆ ನೀವು ಬರ್ತೀರಾ?

ಜೇವರ್ಗಿಯ ಸದಸ್ಯ: ಒಳ್ಳೇದಕ್ಕೆ ಹಾಕಿದ್ದು. ಇಷ್ಟು ಸಿಟ್ಟು ಬೇಕಿರಲಿಲ್ಲ.

ಗುಂಪಿನ ಅಡ್ಮಿನ್: ಅಳಿಸಿದ್ದೇನೆ. ಇನ್ನು ಫಾರ್ವರ್ಡ್ ಹಾಕಿದವರನ್ನ ತೆಗೀತೀನಿ. ಆನ್‌ಲೈನ್, ಅಂಗಡಿ ಜಗಳವೂ ಇಲ್ಲಿಗೆ ಸಾಕು.

ಯಾದಗಿರಿಯ ಸದಸ್ಯೆ: ಅಣ್ಣಾ, ಸ್ವಿಚ್ ಆಫ್ ಮಾಡಿ ಹಿತ್ತಲ ಪಡಸಾಲೆಯ ಕಲ್ಲಿನ ಮೇಲೆ ಇಟ್ಟಿದ್ದೇವೆ. ಅಪ್ಪ ಒಪ್ಪುತ್ತಿಲ್ಲ. ಅಮ್ಮನ ಫೋಟೋ ಎಲ್ಲ ಅದರಲ್ಲೇ ಇವೆ, ಒಂದೇ ಸಲ ಚಾರ್ಜ್ ಮಾಡಿ ತೆಗೆದುಕೊಡು ಅಂತಾರೆ.

ರಿಪೇರಿ ಅಂಗಡಿಯವರು: ಒಂದು ಸಲವೂ ಬೇಡ. ಫೋಟೋ ಎಲ್ಲೂ ಹೋಗಲ್ಲ ಅಂತ ಅಪ್ಪನಿಗೆ ಹೇಳಿ. ಫೋಟೋ ಇರೋದು ಬೋರ್ಡ್ ಮೇಲಿನ ಮೆಮೊರಿ ಚಿಪ್‌ನಲ್ಲಿ, ಬ್ಯಾಟರಿಯಲ್ಲಿ ಅಲ್ಲ. ಯಾದಗಿರಿಯಲ್ಲೇ ಒಳ್ಳೇ ರಿಪೇರಿಯವರ ಹತ್ತಿರ ಹೋಗಿ. ಊದಿದ ಬ್ಯಾಟರಿ ತೆಗೆದು, ಅಂಗಡಿಯಲ್ಲಿರುವ ಪವರ್ ಸಪ್ಲೈ ಯಂತ್ರ ಅಥವಾ ಬೇರೆ ಬ್ಯಾಟರಿ ಜೋಡಿಸಿ ಫೋನ್ ಆನ್ ಮಾಡ್ತಾರೆ. ಲಾಕ್ ನಂಬರ್ ಬೇಕು, ಅಪ್ಪನನ್ನೂ ಕರ್ಕೊಂಡು ಹೋಗಿ. ಫೋಟೋ ಹೊಸ ಫೋನಿಗೂ ಒಂದು ಪೆನ್‌ಡ್ರೈವ್‌ಗೂ ಹಾಕಿಸಿ. ಬಸ್ಸಿನಲ್ಲಿ ತರುವಾಗ ತುಂಬಿದ ಚೀಲದ ಅಡಿಗೆ ಹಾಕಬೇಡಿ, ಒತ್ತು ಬೀಳಬಾರದು. ಹಳೇ ಬ್ಯಾಟರಿಯನ್ನ ಕಸದ ಗಾಡಿಗೆ ಕೊಡಬೇಡಿ, ಅಂಗಡಿಯಲ್ಲೇ ಬಿಟ್ಟು ಬನ್ನಿ. ನಾಳೆ ಬೇಡ, ಇವತ್ತು ಅಂಗಡಿ ಮುಚ್ಚುವುದರೊಳಗೆ ಹೋಗಿ.

ಯಾದಗಿರಿಯ ಸದಸ್ಯೆ: ಹೊರಟಿದ್ದೇವೆ ಅಣ್ಣಾ.

ಆಳಂದದ ಸದಸ್ಯ: ಸರ್, ಗೇಮ್ ಆಡೋಕೆ 20,000 ಒಳಗೆ ಯಾವುದು?