ಪ್ಯಾಡಲ್ ಹಾಕಿದಾಗ ವೇಗ ಬರುತ್ತದೆ, ಆದರೆ ಎಡ ಭುಜ ನೋಯುತ್ತದೆ: ತಪ್ಪು ಎಲ್ಲಿದೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಒಲಿಂಪಿಕ್ ದೂರದ ಟ್ರಯಥ್ಲಾನ್‌ಗೆ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ), ಅದರಲ್ಲೂ 1500 ಮೀಟರ್ ಈಜಿಗೆ, ಸಿದ್ಧತೆ ನಡೆಸುತ್ತಿದ್ದೇನೆ. ತೋಳಿನ ಬಲ ಸಾಲದೆಂದು ಭಾವಿಸಿ ತಿಂಗಳ ಹಿಂದೆ ಅಂಗೈಗಿಂತ ಬಹಳ ದೊಡ್ಡದಾದ ಪ್ಯಾಡಲ್ (ಈಜುವಾಗ ಅಂಗೈಗೆ ಪಟ್ಟಿಯಿಂದ ಕಟ್ಟಿಕೊಳ್ಳುವ ಚಪ್ಪಟೆ ಹಲಗೆ) ಕೊಂಡೆ. ವಾರಕ್ಕೆ ಮೂರು ದಿನ ತಲಾ 2000 ಮೀಟರ್ ಈಜುವಾಗ 1200 ಮೀಟರ್‌ನಷ್ಟನ್ನು ಪ್ಯಾಡಲ್ ಮತ್ತು ಪುಲ್ ಬಾಯ್ (ತೊಡೆಗಳ ನಡುವೆ ಹಿಡಿದುಕೊಳ್ಳುವ ತೇಲುವ ತುಂಡು) ಎರಡನ್ನೂ ಹಾಕಿಕೊಂಡೇ ಮುಗಿಸುತ್ತೇನೆ. ಆಗ 100 ಮೀಟರ್‌ಗೆ 1 ನಿಮಿಷ 52 ಸೆಕೆಂಡು ಸಾಕು. ಎರಡನ್ನೂ ತೆಗೆದರೆ ಮತ್ತೆ ಹಳೆಯ 2 ನಿಮಿಷ 8 ಸೆಕೆಂಡೇ. ಇದರ ಮೇಲೆ, ಎಡಗೈ ನೀರಿಗೆ ಇಳಿಯುವ ಹೊತ್ತಿಗೆ ಭುಜದ ಮುಂಭಾಗದಲ್ಲಿ ಚುಚ್ಚಿದಂತಾಗುತ್ತಿದೆ. ಸ್ನಾಯು ಪಳಗುವವರೆಗೆ ಹೀಗೆಯೇ ಮುಂದುವರಿಸಬಹುದೇ?

ಉತ್ತರ:
ದಯವಿಟ್ಟು ಮುಂದುವರಿಸಬೇಡಿ. ನೋವು ಪೂರ್ತಿ ಹೋಗುವವರೆಗೆ ಪ್ಯಾಡಲ್ ಚೀಲದಲ್ಲೇ ಇರಲಿ. ಕೈ ಮೇಲೆತ್ತುವಾಗಲೂ ಆ ಮಗ್ಗುಲಿಗೆ ಮಲಗಿದಾಗಲೂ ನೋಯುತ್ತಿದ್ದರೆ ಫಿಸಿಯೋಥೆರಪಿಸ್ಟ್ ಅವರಿಗೆ ತೋರಿಸಿ.

ನಿಮಗೆ ಸಿಕ್ಕ 16 ಸೆಕೆಂಡು ತೋಳಿನ ಬಲದಿಂದ ಬಂದದ್ದಲ್ಲ. ಪುಲ್ ಬಾಯ್ ನಿಮ್ಮ ಕಾಲುಗಳನ್ನು ತೇಲಿಸಿತು, ಪ್ಯಾಡಲ್ ಅಂಗೈಯನ್ನು ಅಗಲ ಮಾಡಿತು. ಎರಡೂ ಸೇರಿ ನಿಮ್ಮ ಸ್ಟ್ರೋಕ್‌ನಲ್ಲಿರುವ, ಅಂದರೆ ಕೈ ಬೀಸಿ ನೀರನ್ನು ಎಳೆಯುವ ರೀತಿಯಲ್ಲಿರುವ, ದೋಷವನ್ನು ಮುಚ್ಚಿಟ್ಟವು. ಆದರೆ ಅಂಗೈ ಅಗಲವಾದಷ್ಟೂ ನೀರಿನ ಪ್ರತಿರೋಧ ಹೆಚ್ಚುವುದರಿಂದ, ಕೈ ತಪ್ಪು ಕೋನದಲ್ಲಿ ಇಳಿಯುತ್ತಿದ್ದರೆ ಆ ಹೆಚ್ಚುವರಿ ಹೊರೆಯನ್ನು ಭುಜದ ಕೀಲನ್ನು ಹಿಡಿದಿಡುವ ರೊಟೇಟರ್ ಕಫ್ ಸ್ನಾಯುಗಳು ಪ್ರತಿ ಸ್ಟ್ರೋಕ್‌ನಲ್ಲಿಯೂ ಹೊರಬೇಕಾಗುತ್ತದೆ.

ನೋವು ಹೋದ ಮೇಲೆ, ಅಂಗೈಗಿಂತ ಸ್ವಲ್ಪವೇ ದೊಡ್ಡದಾದ ಪ್ಯಾಡಲ್ ತೆಗೆದುಕೊಂಡು, ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿಹಾಕಿ, ನಡುಬೆರಳಿನ ಪಟ್ಟಿಯೊಂದನ್ನೇ ಉಳಿಸಿಕೊಂಡು 50 ಮೀಟರ್ ನಿಧಾನವಾಗಿ ಈಜಿ ನೋಡಿ. ಕೈ ಸರಿಯಾಗಿ ಇಳಿದು ನೀರನ್ನು ಹಿಂದಕ್ಕೆ ತಳ್ಳುತ್ತಿದ್ದರೆ ನೀರಿನ ಒತ್ತಡವೇ ಪ್ಯಾಡಲನ್ನು ಅಂಗೈಗೆ ಅಂಟಿಸಿಡುತ್ತದೆ. ಅದು ಎಲ್ಲಿ ಕಳಚಿಕೊಳ್ಳುತ್ತದೆ ಎಂಬುದನ್ನು ಗಮನಿಸಿ ಇಲ್ಲಿ ಬರೆಯಿರಿ. ಪಟ್ಟಿ ಬಿಗಿಯಾಗಿರುವಷ್ಟು ದಿನ ಇದು ಗೊತ್ತಾಗುವುದೇ ಇಲ್ಲ. ನಾನೂ ಒಂದು ವರ್ಷ ಹಾಗೆಯೇ ಮೋಸ ಹೋಗಿದ್ದೆ.

ಪ್ರಶ್ನೆ ಕೇಳಿದವರು:
ಎರಡು ವಾರ ಬಿಡುವು ಕೊಟ್ಟು, ನೋವು ಇಲ್ಲವಾದ ಮೇಲೆ ಇಂದು ಪರೀಕ್ಷಿಸಿದೆ. ಬಲಗೈಯ ಪ್ಯಾಡಲ್ ಅಲುಗಲಿಲ್ಲ. ಎಡಗೈಯದು ಮಾತ್ರ ನಡುಬೆರಳಿನ ಸುತ್ತ ತಿರುಗಿ, ಮಣಿಕಟ್ಟಿನ ಕಡೆಯ ಅಂಚು ಅಂಗೈಯಿಂದ ಎದ್ದುಬರುತ್ತದೆ. ವಿಚಿತ್ರವೆಂದರೆ, ಬಲಕ್ಕೆ ಉಸಿರು ತೆಗೆದುಕೊಳ್ಳುವ ಸ್ಟ್ರೋಕ್‌ನಲ್ಲಷ್ಟೇ ಹೀಗಾಗುತ್ತದೆ. ನಾನು ಯಾವಾಗಲೂ ಬಲಕ್ಕೇ ಉಸಿರು ತೆಗೆದುಕೊಳ್ಳುತ್ತೇನೆ.

ಉತ್ತರ:
ಇದರಲ್ಲಿ ವಿಚಿತ್ರವೇನೂ ಇಲ್ಲ, ಸಮಸ್ಯೆಯ ಮೂಲ ಅಲ್ಲಿಯೇ ಇದೆ. ಉಸಿರಿಗಾಗಿ ನೀವು ತಲೆಯನ್ನು ಹೊರಳಿಸುವ ಬದಲು ಮೇಲೆತ್ತುತ್ತಿದ್ದೀರಿ ಎಂದು ತೋರುತ್ತದೆ. ಆಗ ಸಮತೋಲನ ತಪ್ಪದಿರಲೆಂದು, ಮುಂದೆ ಚಾಚಿದ ಎಡಗೈ ಹೆಬ್ಬೆರಳು ಮುಂದಾಗಿ ನೀರಿಗಿಳಿದು, ತಲೆಯ ಎದುರಿನ ನಡುಗೆರೆಯನ್ನು ದಾಟಿ ಬಲಕ್ಕೆ ಜಾರಿ, ಆಸರೆಗಾಗಿ ನೀರನ್ನು ಕೆಳಕ್ಕೆ ಒತ್ತುತ್ತದೆ. ಒಳಮುಖವಾಗಿ ತಿರುಚಿದ ಭುಜದ ಮೇಲೆ ದೊಡ್ಡ ಪ್ಯಾಡಲಿನ ಹೊರೆ ಬಿದ್ದರೆ ನೋಯದೆ ಇನ್ನೇನಾದೀತು?

ಸದ್ಯಕ್ಕೆ ಪ್ಯಾಡಲ್ ಇಲ್ಲದೆ, ಎಡ ಮಗ್ಗುಲಾಗಿ ಎಡಗೈ ಚಾಚಿ, ಆರು ಬಾರಿ ಕಾಲು ಬಡಿದು ಒಂದು ಸ್ಟ್ರೋಕ್ ಹಾಕುವ ಅಭ್ಯಾಸ ಮಾಡಿ. ಉಸಿರು ತೆಗೆದುಕೊಳ್ಳುವಾಗ ಕನ್ನಡಕದ ಒಂದು ಗಾಜು ನೀರಿನಲ್ಲೇ ಇರಬೇಕು. ಕೈ ಭುಜದ ನೇರಕ್ಕೆ, ಬೆರಳ ತುದಿಗಳು ಮುಂದಾಗಿ ಇಳಿಯಬೇಕು. ಆಮೇಲೆ ಮೊಣಕೈ ಮೇಲೆಯೇ ಉಳಿದು ಮುಂಗೈ ಕೆಳಕ್ಕೆ ಬಾಗಬೇಕು. ಎಡಕ್ಕೂ ಉಸಿರು ತೆಗೆದುಕೊಳ್ಳುವುದನ್ನು ಕಲಿಯಿರಿ. ಅಲೆ ಒಂದೇ ಕಡೆಯಿಂದ ಬರುವ ತೆರೆದ ನೀರಿನಲ್ಲಿ ಅದು ಹೇಗೂ ಬೇಕಾಗುತ್ತದೆ.

ಇದು ಹಿಡಿತಕ್ಕೆ ಬಂದ ಮೇಲೆ ಪ್ಯಾಡಲಿನಲ್ಲಿ 50 ಮೀಟರ್, ಕೂಡಲೇ ಬರಿಗೈಯಲ್ಲಿ 50 ಮೀಟರ್, ಹೀಗೆ ನಾಲ್ಕು ಸುತ್ತು ಸಾಕು. ಸ್ಪರ್ಧೆಯಲ್ಲಿ ಪ್ಯಾಡಲಿಗೆ ಅನುಮತಿಯಿಲ್ಲವಾದ್ದರಿಂದ ಆ ಬರಿಗೈಯ 50 ಮೀಟರನ್ನು ಬಿಡಬೇಡಿ, ಅದರಲ್ಲಿ ಸ್ಟ್ರೋಕ್‌ಗಳನ್ನು ಎಣಿಸಿ. ಮೈ ಬಿಸಿಯಾದ ನಂತರ, ಆದರೆ ದಣಿಯುವ ಮೊದಲು ಇದನ್ನು ಮಾಡಿ. ಮುಂದೆ ಹೆಚ್ಚಿಸಿದರೂ ಒಟ್ಟು ದೂರದ ಕಾಲು ಭಾಗವನ್ನು ಮೀರಬೇಡಿ. ಎಡ ಪ್ಯಾಡಲ್ ಮತ್ತೆ ತಿರುಗತೊಡಗಿದರೆ, ಅದು ಎರಡನೆಯ ಸುತ್ತೇ ಆಗಿರಲಿ, ಆ ದಿನದ ಮಟ್ಟಿಗೆ ತೆಗೆದು ದಡದ ಮೇಲಿಡಿ.