ಒರ್ನಾನ್‌ನ ಚಿತ್ರ ಒರ್ನಾನ್‌ಗೇ ಬರಬೇಕಲ್ವಾ?

ಕುಂಚಪ್ರಿಯ: ಫ್ರಾನ್ಸಿನ ಒರ್ನಾನ್ ಪುಟ್ಟ ಊರು. ಚಿತ್ರಗಾರ ಗುಸ್ತಾವ್ ಕೂರ್ಬೆ 1819ರಲ್ಲಿ ಹುಟ್ಟಿದ ಊರು. ಲೂ ನದಿಗೆ ಅಂಟಿಕೊಂಡಿರುವ ಹಳೇ ಮನೆಯಲ್ಲಿ ಅವನ ಮ್ಯೂಸಿಯಂ ಇದೆ. ಆದರೆ ಆ ಊರಿನವರನ್ನೇ ಎದುರು ನಿಲ್ಲಿಸಿಕೊಂಡು ಬರೆದ 'ಒರ್ನಾನ್‌ನಲ್ಲೊಂದು ಶವಸಂಸ್ಕಾರ' ಇರುವುದು ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿ. ಪಾದ್ರಿ, ಕೆಂಪು ನಿಲುವಂಗಿಯವರು, ಮುಖಕ್ಕೆ ಕರವಸ್ತ್ರ ಒತ್ತಿಕೊಂಡ ಹೆಂಗಸರು, ತೋಡಿದ ಗುಂಡಿಯ ಪಕ್ಕ ಇನ್ನೆಲ್ಲೋ ನೋಡುತ್ತಾ ನಿಂತ ಬಿಳಿ ನಾಯಿ. ಹಿಂದೆ ಕಾಣುವ ಬಂಡೆಸಾಲು ಇವತ್ತೂ ಊರಿನ ನೆತ್ತಿಯ ಮೇಲಿದೆ. ಆ ಚಿತ್ರ ಊರಿಗೆ ವಾಪಸ್ ಬರಬೇಕು.

ಗೋಡೆಗಣ್ಣು: "ವಾಪಸ್" ಅನ್ನೋದೇ ತಪ್ಪು. ಯಾರೂ ಕಿತ್ತುಕೊಂಡು ಹೋಗಿಲ್ಲ. ಅವನ ತಂಗಿ ಜೂಲಿಯೆತ್ 1881ರಲ್ಲಿ ತಾನಾಗಿಯೇ ದೇಶಕ್ಕೆ ಕೊಟ್ಟಳು. ಮೇಲಾಗಿ ಅದರ ಅಗಲ ಆರೂವರೆ ಮೀಟರಿಗೂ ಜಾಸ್ತಿ. ಹಳೇ ಮನೆಯ ಕೋಣೆಯಲ್ಲಿ ಹಿಂದೆ ಸರಿದು ನೋಡಲು ಜಾಗ ಎಲ್ಲಿದೆ?

ಕುಂಚಪ್ರಿಯ: "ದೇಶಕ್ಕೆ" ಅಂದ್ರಲ್ಲ, ಒರ್ನಾನ್ ದೇಶದ ಹೊರಗಿದೆಯಾ? ಆ ದೇಶ ಅವನಿಗೆ ಮಾಡಿದ್ದೇನು? ಪ್ಯಾರಿಸ್ಸಿನಲ್ಲಿದ್ದ ನೆಪೋಲಿಯನ್ನನ ವಾಂದೋಮ್ ಸ್ತಂಭ ಬೀಳಿಸಿದ ಅಂತ 3,23,091 ಫ್ರಾಂಕ್ ಅವನ ಮೇಲೆ ಹೇರಿತು. ದೇಶ ಬಿಟ್ಟು ಸ್ವಿಟ್ಜರ್ಲೆಂಡಿನಲ್ಲಿ ಸತ್ತ.

ಹಳೇಕಡತ: "ಬೀಳಿಸಿದ ಅಂತ" ಏನು ಬಂತು? ಅದು ಬೇಡ ಅಂದವನೇ ಅವನು. 1870ರ ಸೆಪ್ಟೆಂಬರಿನಲ್ಲಿ ಸರ್ಕಾರಕ್ಕೆ ಅರ್ಜಿ ಕೊಟ್ಟಿದ್ದಾನೆ.

ನೀಲಿಶಾಯಿ: ಅರ್ಜಿ ಬಿಚ್ಚಿ ತೆಗೆಯಿರಿ ಅಂತ, ಒಡೆಯಿರಿ ಅಂತ ಅಲ್ಲ. ಕೆಡವುವ ತೀರ್ಮಾನ ಪ್ಯಾರಿಸ್ಸಿನ ಬಂಡಾಯ ಸರ್ಕಾರದ್ದು, ಅಂದರೆ ಕಮ್ಯೂನಿನದ್ದು, 1871ರ ಏಪ್ರಿಲ್ 12ಕ್ಕೆ. ಕೂರ್ಬೆ ಕಮ್ಯೂನಿಗೆ ಆಯ್ಕೆಯಾಗಿದ್ದು 16ಕ್ಕೆ. ತೀರ್ಮಾನದ ದಿನ ಅವನು ಸದಸ್ಯನೇ ಅಲ್ಲ ಸ್ವಾಮಿ!

ಹಳೇಕಡತ: ಸ್ತಂಭ ಬಿದ್ದದ್ದು ಮೇ 16ಕ್ಕೆ. ಆಯ್ಕೆಯಾದ ಮೇಲೆ ಸರಿಯಾಗಿ ಒಂದು ತಿಂಗಳಿತ್ತು. ತಡೆದನಾ?

ನೀಲಿಶಾಯಿ: ತಡೆಯಲಿಲ್ಲ ಅಂದ ಮಾತ್ರಕ್ಕೆ ಪೂರ್ತಿ ಖರ್ಚು ಒಬ್ಬನ ತಲೆಗೆ ಕಟ್ಟೋದಾ? ಮೊದಲೇ ಆರು ತಿಂಗಳ ಜೈಲು ಶಿಕ್ಷೆ ಕೊಟ್ಟಿದ್ದರು. ಆಮೇಲೆ ವರ್ಷಕ್ಕೆ 10 ಸಾವಿರದಂತೆ 33 ವರ್ಷ ಕಟ್ಟು ಅಂದರು, 58 ವರ್ಷದವನಿಗೆ! ಮೊದಲ ಕಂತಿನ ಹಿಂದಿನ ದಿನ, 1877ರ ಡಿಸೆಂಬರ್ 31ಕ್ಕೆ, ಸತ್ತೇ ಹೋದ. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ ನನಗೆ.

ಹಳೇಕಡತ: ಹೊಟ್ಟೆ ಉರಿ ಪುರಾವೆ ಅಲ್ಲ. ನಾನು ಕೇಳಿದ್ದು ತಡೆದನಾ ಅಂತ.

ಗೋಡೆಗಣ್ಣು: ಸ್ತಂಭ ಬಿಡ್ರಪ್ಪಾ. 2013ರಲ್ಲಿ ಈ ಮ್ಯೂಸಿಯಂಗಾಗಿ ಅವನ 'ಫ್ಲಾಜೆಯ ಓಕ್ ಮರ' ಕೊಂಡರು. ಜಪಾನಿನಲ್ಲಿದ್ದ ಚಿತ್ರ, 40 ಲಕ್ಷ ಯೂರೊ. ಜನರೂ ಚಂದಾ ಕೊಟ್ಟರು. ಊರಿನ ಮ್ಯೂಸಿಯಂ ಬೆಳೆಯಬೇಕಾದ್ದು ಹೀಗೆ, ಬೇರೆಯವರ ಗೋಡೆ ಖಾಲಿ ಮಾಡಿಸಿ ಅಲ್ಲ.

ಕುಂಚಪ್ರಿಯ: "ಜನರೂ ಚಂದಾ ಕೊಟ್ಟರು." ನೀವೇ ಹೇಳಿದ್ದು. ಒಂದು ಮರಕ್ಕೆ ಅಷ್ಟು ಮಾಡಿದವರು ತಮ್ಮ ಊರಿನ ಹಿರಿಯರಿಗೆ ಒಂದು ಗೋಡೆ ಕಟ್ಟಲ್ವಾ? 1919ರಲ್ಲಿ ಅವನ ಅಸ್ಥಿಯನ್ನೇ ಒರ್ನಾನ್‌ಗೆ ತಂದರು. ಚಿತ್ರ ತರಲು ಆಗಲ್ವಾ?

ಗೋಡೆಗಣ್ಣು: ಅಸ್ಥಿಗೆ ಬಿರುಕಿನ ಭಯವಿಲ್ಲ. ಅಷ್ಟು ದೊಡ್ಡ ಬಟ್ಟೆಯನ್ನು ಸುರುಳಿ ಸುತ್ತಿದರೆ ಬಣ್ಣ ಉದುರಬಹುದು.

ಕುಂಚಪ್ರಿಯ: "ಉದುರಬಹುದು" ಅಷ್ಟೇ. ಉದುರುತ್ತದೆ ಅಂತ ನೀವೂ ಹೇಳಲಿಲ್ಲ.

ಹಳೇಕಡತ: ಏಪ್ರಿಲ್ 16ರಿಂದ ಮೇ 16. ಇನ್ನೂ ಉತ್ತರ ಬಂದಿಲ್ಲ.

ನೀಲಿಶಾಯಿ: ಕೊಟ್ಟಿದ್ದೇನೆ. ಮೇಲೆ ಓದಿ.